ಹತ್ತು ಜನ ಕೂತು ಕೇಳಲು ಅನುಮತಿ ಬೇಕೇ?

ಪಾರ್ಕಿನ ಮರದ ಕೆಳಗೆ ಹದಿನೈದು ಜನ ಕೂತು ಕಥೆ ಓದಿದರೆ ಪೊಲೀಸರ ಅನುಮತಿ ಬೇಕಾ? ಸರ್ಕಾರಿ ಶಾಲೆಯ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟು ಮಕ್ಕಳಿಗೆ ಶನಿಯ ಬಳೆ ತೋರಿಸಬೇಕೆಂದರೆ ಯಾರಿಗೆ ಅರ್ಜಿ ಕೊಡಬೇಕು? ಕಾಲೇಜಿನ ಸಭಾಂಗಣದಲ್ಲಿ ಪ್ರತಿ ವಾರ ನಡೆಯುವ ವಿಜ್ಞಾನ ಉಪನ್ಯಾಸಕ್ಕೆ ಪ್ರತಿ ವಾರವೂ ಠಾಣೆಗೆ ಹೋಗಬೇಕಾ?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಇಂಥ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಈಗ ಕೇಳುತ್ತಿದ್ದಾರೆ. ಉಪನ್ಯಾಸ ಏರ್ಪಡಿಸುವವರಿಗೂ, ಕೇಳಲು ಬರುವವರಿಗೂ ಸರಿಯಾದ ಉತ್ತರ ಸಿಗುತ್ತಿಲ್ಲ. 2025ರಲ್ಲಿ ಒಂದರ ಹಿಂದೆ ಒಂದು ಬಂದ ಮೂರು ಸುದ್ದಿಗಳು ಜನರ ತಲೆಯಲ್ಲಿ ಕಲಸಿಹೋಗಿರುವುದೇ ಇದಕ್ಕೆ ಕಾರಣ. ಮೊದಲು ಅವನ್ನು ಬಿಡಿಸಿ ನೋಡೋಣ.

ಮೂರು ಸುದ್ದಿ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಪ್ ಗೆದ್ದ ತಂಡವನ್ನು ನೋಡಲು ಬಂದವರು ಅವರು. ಇದಾದ ಮೇಲೆ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆಂದು ಒಂದು ಮಸೂದೆ ತಯಾರಿಸಿತು. ಆಗಸ್ಟ್‌ನಲ್ಲಿ ಅದು ವಿಧಾನಸಭೆಯಲ್ಲಿ ಮಂಡನೆಯಾಗಿ, ಚರ್ಚೆ ಎದ್ದ ಮೇಲೆ ಸದನ ಸಮಿತಿಗೆ ಹೋಯಿತು.

ಎರಡನೆಯದು ಅಕ್ಟೋಬರ್ 18ರ ಸರ್ಕಾರಿ ಆದೇಶ. ಸರ್ಕಾರದ ಜಾಗದಲ್ಲಿ, ಅಂದರೆ ರಸ್ತೆ, ಪಾರ್ಕ್, ಆಟದ ಮೈದಾನದಂಥ ಕಡೆ ಯಾವುದೇ ಖಾಸಗಿ ಸಂಘಸಂಸ್ಥೆ ಕಾರ್ಯಕ್ರಮ ಮಾಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕು ಎಂದಿತು ಅದು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಅನುಮತಿ ಇಲ್ಲದೆ ಸೇರಿದರೆ ತಪ್ಪು ಎಂಬ ಅರ್ಥ ಬರುವ ಮಾತೂ ಅದರಲ್ಲಿತ್ತು. ಆ ಹೊತ್ತಿನ ರಾಜಕೀಯ ವಾಗ್ವಾದ ಆರ್‌ಎಸ್‌ಎಸ್ ಶಾಖೆಗಳ ಸುತ್ತ ಇತ್ತು. ಆದರೆ ಆದೇಶದ ಮಾತು ಯಾವ ಸಂಘಟನೆಗೂ ಸೀಮಿತವಾಗಿರಲಿಲ್ಲ, ಎಲ್ಲರಿಗೂ ತಾಗುವಂತಿತ್ತು.

ಮೂರನೆಯದು ಹೈಕೋರ್ಟಿನ ತಡೆ. ಹುಬ್ಬಳ್ಳಿಯ ಸಂಸ್ಥೆಯೊಂದು ಹಾಕಿದ ಅರ್ಜಿಯ ಮೇಲೆ ಧಾರವಾಡ ಪೀಠದ ಏಕಸದಸ್ಯ ನ್ಯಾಯಮೂರ್ತಿಗಳು ಅಕ್ಟೋಬರ್ 28ರಂದು ಆ ಆದೇಶಕ್ಕೆ ಮಧ್ಯಂತರ ತಡೆ ಕೊಟ್ಟರು. ಸರ್ಕಾರದ ಮೇಲ್ಮನವಿಯನ್ನು ನವೆಂಬರ್ 6ರಂದು ವಿಭಾಗೀಯ ಪೀಠ ವಜಾ ಮಾಡಿತು.

ಬಹಳ ಜನ ಈ ಮೂರನ್ನೂ ಒಂದೇ ಎಂದುಕೊಂಡಿದ್ದಾರೆ. "ಕೋರ್ಟ್ ತಡೆ ಕೊಟ್ಟಾಯ್ತಲ್ಲ, ಇನ್ನೇನು ತೊಂದರೆ" ಎನ್ನುವವರಿದ್ದಾರೆ. "ಕಾನೂನು ಬಂದುಬಿಟ್ಟಿದೆ, ಸುಮ್ನೆ ಯಾಕೆ ರಗಳೆ" ಎಂದು ಕಾರ್ಯಕ್ರಮ ಕೈಬಿಡುವವರೂ ಇದ್ದಾರೆ. ಎರಡೂ ಸರಿಯಲ್ಲ.

ಆದೇಶ ಬೇರೆ, ಕಾನೂನು ಬೇರೆ

ಸಂವಿಧಾನದ 19ನೇ ವಿಧಿ ಎಲ್ಲ ಪ್ರಜೆಗಳಿಗೂ ಮಾತಾಡುವ ಹಕ್ಕು ಕೊಟ್ಟಿದೆ. ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಅದರ ಮೇಲೆ ನ್ಯಾಯವಾದ ನಿರ್ಬಂಧ ಹಾಕಬಹುದು. ಆದರೆ ಆ ನಿರ್ಬಂಧ ಬರಬೇಕಾದ್ದು ಕಾನೂನಿನ ಮೂಲಕ. ಸದನದಲ್ಲಿ ಚರ್ಚೆಯಾಗಿ ಪಾಸಾದದ್ದು ಕಾನೂನು. ಇಲಾಖೆಯೊಂದು ಸಹಿ ಹಾಕಿ ಹೊರಡಿಸಿದ ಕಾಗದ ಬರೀ ಆದೇಶ. ಆದೇಶದ ಬಲದಿಂದ ಮೂಲಭೂತ ಹಕ್ಕನ್ನು ಕಟ್ಟಿಹಾಕಲು ಆಗುವುದಿಲ್ಲ ಎಂಬ ವಾದವೇ ಅಕ್ಟೋಬರ್‌ನ ತಡೆಯ ಹಿಂದಿರುವುದು.

ಬೆಂಗಳೂರಿಗೆ ಇಂಥದ್ದು ಹೊಸತಲ್ಲ. 2019ರ ಡಿಸೆಂಬರ್‌ನಲ್ಲಿ ನಗರದಾದ್ಯಂತ 144ನೇ ಸೆಕ್ಷನ್ ಹಾಕಿ ಜನ ಸೇರುವುದನ್ನೇ ನಿಷೇಧಿಸಲಾಗಿತ್ತು. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಎಂದಿತು.

ಹಾಗಾದರೆ ಮಸೂದೆಯ ಕಥೆ? ಅದು ಪಾಸಾದರೆ ಆದೇಶವಾಗಿ ಉಳಿಯುವುದಿಲ್ಲ, ಕಾನೂನೇ ಆಗುತ್ತದೆ. ಆಗ ಕೋರ್ಟಿನ ಮುಂದಿನ ಪ್ರಶ್ನೆಯೂ ಬದಲಾಗುತ್ತದೆ. "ಇದಕ್ಕೆ ಕಾನೂನಿನ ಬಲ ಇದೆಯಾ" ಎಂದು ಕೇಳುವ ಜಾಗದಲ್ಲಿ "ಈ ನಿರ್ಬಂಧ ನ್ಯಾಯವಾದದ್ದಾ" ಎಂದು ಕೇಳಬೇಕಾಗುತ್ತದೆ. ಅದು ವರ್ಷಗಟ್ಟಲೆ ಎಳೆಯಬಹುದಾದ ಪ್ರಶ್ನೆ. ಉಪನ್ಯಾಸ ನಡೆಸುವವರು ಆದೇಶಕ್ಕಿಂತ ಮಸೂದೆಯ ಕಡೆಗೇ ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೇ.

ಮಂಡನೆಯಾದ ರೂಪದಲ್ಲಿ ಮಸೂದೆಗೆ ಮೂರು ಮೆಟ್ಟಿಲುಗಳಿದ್ದವು. 7,000ಕ್ಕಿಂತ ಕಡಿಮೆ ಜನ ಸೇರುವುದಾದರೆ ಠಾಣೆಯ ಅಧಿಕಾರಿ, 50,000ದವರೆಗೆ ಡಿವೈಎಸ್ಪಿ, ಅದಕ್ಕೂ ಜಾಸ್ತಿಯಾದರೆ ಎಸ್ಪಿ ಅಥವಾ ಕಮಿಷನರ್ ಅನುಮತಿ ಕೊಡಬೇಕು. ಅರ್ಜಿ ಕನಿಷ್ಠ 10 ದಿನ ಮೊದಲು ಹೋಗಬೇಕು. ಆಯೋಜಕರು ನಷ್ಟಭರ್ತಿಯ ಮುಚ್ಚಳಿಕೆ ಬರೆದುಕೊಡಬೇಕು. ತಪ್ಪಿದರೆ ಜೈಲು ಮತ್ತು ಭಾರೀ ದಂಡ. ಮೊದಲ ಮೆಟ್ಟಿಲನ್ನು ಇನ್ನೊಮ್ಮೆ ಓದಿ. 6,000 ಜನರ ಸಂಗೀತ ಸಂಜೆ, 60 ಜನರ ವಿಜ್ಞಾನ ಉಪನ್ಯಾಸ ಎರಡೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ಬುಧವಾರ ಸಂಜೆ ಆರು ಗಂಟೆ

ಈ ನಿಯಮ ಯಾರನ್ನು ತಾಗುತ್ತದೆ ಎಂದು ತಿಳಿಯಬೇಕಾದರೆ ಈ ಊರಿನ ಉಪನ್ಯಾಸಗಳು ಹೇಗೆ ಬದುಕಿವೆ ಎನ್ನುವುದನ್ನು ನೋಡಬೇಕು.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಎಚ್. ನರಸಿಂಹಯ್ಯನವರ ಮುಂದಾಳುತನದಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಬಂದು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದವರು ಎಚ್ಚೆನ್. ಹಾಗಿದ್ದೂ ಬದುಕಿನ ಹೆಚ್ಚಿನ ಭಾಗವನ್ನು ಅದೇ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಕಳೆದರು. ಫೋರಂನ ಕ್ರಮ ಬಹಳ ಸರಳ. ಬುಧವಾರ ಸಂಜೆ ಒಂದು ಉಪನ್ಯಾಸ. ಜುಲೈ ಬಂದರೆ ತಿಂಗಳಿಡೀ ವಿಜ್ಞಾನೋತ್ಸವ. ಟಿಕೆಟ್ ಇಲ್ಲ, ಹೆಸರು ನೋಂದಣಿ ಇಲ್ಲ. ಬಾಗಿಲು ತೆರೆದಿರುತ್ತದೆ, ಬಂದು ಕೂರಬೇಕು ಅಷ್ಟೇ.

ಇಂಥ ಸಂಜೆಗಳಲ್ಲಿ ಒಂದು ನೋಟ ಸಾಮಾನ್ಯ. ಮುಂದಿನ ಸಾಲಿನಲ್ಲಿ ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡ ನಿವೃತ್ತ ಮೇಷ್ಟ್ರು. ಹಿಂದಿನ ಸಾಲಿನಲ್ಲಿ ಟ್ಯೂಷನ್ನಿಗೆ ಹೋಗುವ ಮುಂಚೆ ಸಿಗುವ ಒಂದು ಗಂಟೆಗೆಂದು ಬಂದ ಪಿಯುಸಿ ಹುಡುಗರು. ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡು, ಚೀಲದ ಸಮೇತ ಒಳಗೆ ಬಂದವರು. ಅವರಲ್ಲಿ ಯಾರಿಗೂ ಇವತ್ತಿನ ವಿಷಯ ಏನೆಂದು ಮೊದಲೇ ಗೊತ್ತಿರಬೇಕೆಂದಿಲ್ಲ. ಬುಧವಾರ ಎಂದರೆ ಏನೋ ಒಂದು ಇರುತ್ತದೆ, ಅಷ್ಟು ಗೊತ್ತಿದ್ದರೆ ಸಾಕು. ವಾರ ತಪ್ಪದೆ ನಡೆದು ನಡೆದು ಬೆಳೆದ ಅಭ್ಯಾಸ ಇದು. ಕೇಳುಗರನ್ನು ಕರೆತರುವುದು ಪೋಸ್ಟರ್ ಅಲ್ಲ, ಈ ಅಭ್ಯಾಸ.

ಇದೇ ಆಸುಪಾಸಿನಲ್ಲಿ, ಒಂದೇ ವರ್ಷ 1945ರಲ್ಲಿ, ಇನ್ನೂ ಎರಡು ಸಂಸ್ಥೆಗಳು ಹುಟ್ಟಿದ್ದವು. ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಒಂದು. ಬಿ.ಪಿ. ವಾಡಿಯಾ ಅವರ ಇಂಡಿಯನ್ ಇನ್ಸ್‌ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇನ್ನೊಂದು. ಮನೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಪುಸ್ತಕ, ಸಂಗೀತ, ರಾಜಕೀಯ, ವಿಜ್ಞಾನ ಎಲ್ಲದಕ್ಕೂ ಒಂದೊಂದು ಸಭಾಂಗಣ ಇತ್ತು. ಊರಿನ ಇನ್ನೊಂದು ಬದಿಯಲ್ಲಿ ಸಿ.ವಿ. ರಾಮನ್ ಅಕ್ಟೋಬರ್ 2ರಂದು ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. 1970ರಲ್ಲೂ ಕೊಟ್ಟರು. ಮುಂದಿನ ತಿಂಗಳು 21ಕ್ಕೆ ತೀರಿಕೊಂಡರು. ಆ ಉಪನ್ಯಾಸದ ಪರಂಪರೆಯನ್ನು ಸಂಸ್ಥೆ ಮುಂದುವರಿಸಿಕೊಂಡು ಬಂದಿದೆ.

ಈಚಿನವನ್ನೂ ನೋಡಿ. ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದವರ 'ಕಾಪಿ ವಿತ್ ಕ್ಯೂರಿಯಾಸಿಟಿ' ಎಂಬ ವಿಜ್ಞಾನ ಉಪನ್ಯಾಸ ಸರಣಿ ನೆಹರು ತಾರಾಲಯಕ್ಕೂ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೂ ಬಂದು ನಡೆಯುತ್ತದೆ. ಕಬ್ಬನ್ ಪಾರ್ಕಿನಲ್ಲಿ 2023ರ ಜನವರಿಯಿಂದ ಶನಿವಾರ ಬೆಳಗ್ಗೆ ಚಾಪೆ ಹಾಸಿ ಮೌನವಾಗಿ ಓದುವ 'ಕಬ್ಬನ್ ರೀಡ್ಸ್' ಬೇರೆ ಬೇರೆ ಊರುಗಳಿಗೂ ಹಬ್ಬಿತು. ಕಾಲ ಬೇರೆ, ಜನ ಬೇರೆ. ಆದರೆ ಒಂದು ಗೊತ್ತಾದ ದಿನ, ಒಂದು ಗೊತ್ತಾದ ಜಾಗ, ತೆರೆದ ಬಾಗಿಲು ಎಲ್ಲ ಕಡೆಯೂ ಇವೆ.

ಹತ್ತು ದಿನದ ಲೆಕ್ಕ

ಈಗ ಮಸೂದೆಯ ಹತ್ತು ದಿನವನ್ನು ಈ ಬುಧವಾರದ ಪಕ್ಕ ಇಟ್ಟು ನೋಡೋಣ.

ವಾರಕ್ಕೊಂದು ಉಪನ್ಯಾಸ ಇದ್ದರೆ, ಈ ವಾರದ್ದು ನಡೆಯುವ ಹೊತ್ತಿಗೆ ಮುಂದಿನ ವಾರದ ಅರ್ಜಿ ಠಾಣೆ ಸೇರಿರಬೇಕು, ಅದರ ಮುಂದಿನದ್ದು ಕೈಯಲ್ಲಿ ಸಿದ್ಧವಾಗಿರಬೇಕು. ವರ್ಷಕ್ಕೆ 52 ಅರ್ಜಿ. ಪ್ರತಿಯೊಂದಕ್ಕೂ ಲೆಟರ್‌ಹೆಡ್, ಸೀಲು, ಜೆರಾಕ್ಸ್. "ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂದರೆ ಇನ್ನೊಂದು ಓಡಾಟ. ದೊಡ್ಡ ಕಂಪನಿಯ ಕಾರ್ಯಕ್ರಮವಾದರೆ ಈ ಓಡಾಟಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡವರು ಇರುತ್ತಾರೆ. ವಿಜ್ಞಾನ ವೇದಿಕೆಯನ್ನೋ ಓದುಗರ ಬಳಗವನ್ನೋ ನಡೆಸುವವರು ಸಾಮಾನ್ಯವಾಗಿ ಇಬ್ಬರು ಮೂವರು. ಅವರಿಗೆ ಬೇರೆ ಕೆಲಸ ಇದೆ, ಇಲ್ಲವೇ ವಯಸ್ಸಾಗಿದೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ವಿಜ್ಞಾನದ ಸುದ್ದಿ ಹತ್ತು ದಿನ ಮೊದಲು ಹೇಳಿ ಬರುವುದಿಲ್ಲ. 2025ರ ಅಕ್ಟೋಬರ್ 7ರಂದು ಭೌತವಿಜ್ಞಾನದ ನೊಬೆಲ್ ಪ್ರಕಟವಾಯಿತು. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ವಿದ್ಯುತ್ ಮಂಡಲದಲ್ಲೂ ಕ್ವಾಂಟಮ್ ವರ್ತನೆ ಕಾಣುತ್ತದೆ ಎಂದು ತೋರಿಸಿದವರಿಗೆ ಬಂದ ಬಹುಮಾನ ಅದು. ಇದೇನೆಂದು ತಿಳಿಯುವ ಆಸೆ ಜನರಲ್ಲಿ ಇರುವುದು ಆ ವಾರ. ತಿಂಗಳಾದ ಮೇಲೆ ಯಾರು ಕೇಳುತ್ತಾರೆ? 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೂ ಹೀಗೇ, ಮಕ್ಕಳ ಪ್ರಶ್ನೆಗಳೆಲ್ಲ ಮರುದಿನ ಬೆಳಗ್ಗೆಯೇ ಶಾಲೆಗೆ ಬಂದವು. ಊರಿಗೆ ಬಂದು ಎರಡು ದಿನ ಇದ್ದು ಹೋಗುವ ವಿಜ್ಞಾನಿಯನ್ನೋ ಲೇಖಕಿಯನ್ನೋ ಹಿಡಿದು ಮಾತಾಡಿಸುವುದೂ ಕಷ್ಟವಾಗುತ್ತದೆ.

ಆಕಾಶದ ವಿಷಯದಲ್ಲಿ ತೊಂದರೆ ಬೇರೆ ಥರ. ಗ್ರಹಣದ ದಿನ, ಬೆಂಗಳೂರಿನ ಶೂನ್ಯ ನೆರಳಿನ ದಿನ ವರ್ಷ ಮೊದಲೇ ಗೊತ್ತಿರುತ್ತವೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬಂದು ನೆಟ್ಟಗೆ ನಿಂತ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆದರೆ ಮೋಡ ಕವಿಯುತ್ತದಾ ಎನ್ನುವುದು ಆ ಹೊತ್ತಿನ ತನಕ ತಿಳಿಯುವುದಿಲ್ಲ. ಮೋಡ ಇದ್ದರೆ ಟೆಲಿಸ್ಕೋಪ್ ಹೊತ್ತು ಇನ್ನೊಂದು ಮೈದಾನಕ್ಕೆ ಹೋಗಬೇಕು, ಇಲ್ಲವೇ ನಾಳೆಗೆ ಮುಂದೂಡಬೇಕು. ಅನುಮತಿ ಪತ್ರದಲ್ಲಿ ಇರುವುದು ಒಂದೇ ದಿನಾಂಕ, ಒಂದೇ ಜಾಗ. ಟೆಲಿಸ್ಕೋಪಿನ ಮುಂದೆ ಸಾಲು ನಿಂತವರು ಹತ್ತು ಜನ ಆಗಲು ಎಷ್ಟು ಹೊತ್ತು ಬೇಕು, ಹೇಳಿ?

ಪೊಲೀಸರ ಮಾತಿನಲ್ಲೂ ಹುರುಳಿದೆ

ಇಷ್ಟಕ್ಕೇ ಪೊಲೀಸರನ್ನು ಬೈದು ಮುಗಿಸಿದರೆ ಅನ್ಯಾಯವಾಗುತ್ತದೆ. ಹನ್ನೊಂದು ಮನೆಗಳಲ್ಲಿ ಸಾವಾಗಿದೆ. ಎಷ್ಟು ಜನ ಬರುತ್ತಾರೆ, ಗೇಟು ಎಷ್ಟಿವೆ, ಆಂಬುಲೆನ್ಸ್ ಎಲ್ಲಿಂದ ಒಳಗೆ ಹೋಗಬೇಕು ಎಂಬುದೆಲ್ಲ ಮೊದಲೇ ಗೊತ್ತಿರಬೇಕು ಎಂದು ಅವರು ಕೇಳುವುದು ಸರಿಯೇ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಒಂದು ಕರೆಯೋಲೆಗೆ ನೂರು ಜನವೂ ಬರಬಹುದು, ಐದು ಸಾವಿರವೂ ಬರಬಹುದು. ಸಣ್ಣದಕ್ಕೆ ವಿನಾಯಿತಿ ಎಂದರೆ ಎಲ್ಲರೂ ತಮ್ಮದು ಸಣ್ಣದು ಎಂದೇ ಹೇಳುತ್ತಾರೆ ಎಂಬುದು ಅವರ ಆತಂಕ.

ಆದರೆ ಕಾಲ್ತುಳಿತ ಆಗುವುದು ಹೇಗೆ ಎಂದು ಯೋಚಿಸಿದರೆ ಅಂತರ ಕಾಣುತ್ತದೆ. ಜಾಗಕ್ಕಿಂತ ಜನ ಎಷ್ಟೋ ಪಟ್ಟು ಜಾಸ್ತಿ ಇರಬೇಕು, ಒಳಗೆ ಹೋಗುವ ದಾರಿ ಕಿರಿದಾಗಿರಬೇಕು, ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಕಡೆ ನುಗ್ಗುವ ಆತುರ ಇರಬೇಕು. ಇನ್ನೂರು ಕುರ್ಚಿಯ ಸಭಾಂಗಣದಲ್ಲಿ ಈ ಮೂರೂ ಸೇರುವುದು ಅಪರೂಪ. ಕುರ್ಚಿ ತುಂಬಿದರೆ ಬಾಗಿಲಲ್ಲಿ ನಿಲ್ಲುತ್ತಾರೆ, ಬಾಗಿಲೂ ತುಂಬಿದರೆ ಮನೆಗೆ ಹೋಗುತ್ತಾರೆ. ಅಪಾಯ ಹುಟ್ಟುವುದು ಒಂದು ಕಡೆ, ನಿಯಮದ ಭಾರ ಬೀಳುವುದು ಇನ್ನೊಂದು ಕಡೆ. ಮಸೂದೆಯ ದೊಡ್ಡ ದೋಷ ಇದೇ ಎಂದು ನನಗನಿಸುತ್ತದೆ.

ಪಾರ್ಕಿನ ವಿಷಯದಲ್ಲಿ ವಾದ ಇನ್ನೊಂದು ಬಗೆಯದು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಿಗೆ 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯೇ ಇದೆ. 2024ರ ಡಿಸೆಂಬರ್‌ನಲ್ಲಿ ಓದುಗರ ಉಡುಗೊರೆ ಕಾರ್ಯಕ್ರಮವೊಂದರ ಬಳಿಕ ಹುಲ್ಲಿನ ಮೇಲೆ ಕಾಗದದ ಚೂರುಗಳು ಉಳಿದವೆಂದು, ಅನುಮತಿ ಇರಲಿಲ್ಲವೆಂದು ತೋಟಗಾರಿಕೆ ಇಲಾಖೆ ಆಕ್ಷೇಪ ಎತ್ತಿತ್ತು. ವಾಕಿಂಗಿಗೆ ಬರುವವರ ದೂರು ಸುಳ್ಳಲ್ಲ. ಇವತ್ತು ಪುಸ್ತಕ ಓದುವವರು, ನಾಳೆ ಟಿಕೆಟ್ ಮಾರುವವರು ಬಂದರೆ ಹಕ್ಕಿಗಳಿಗೆ ಎಲ್ಲಿ ಜಾಗ? ಇದಕ್ಕೆ ಉತ್ತರ ಕಸ ಹಾಕಿದರೆ ದಂಡ, ಹಣ ಮಾಡಿದರೆ ಬಾಡಿಗೆ. ಸುಮ್ಮನೆ ಕೂತು ಓದುವವರಿಗೆ ಅರ್ಜಿ ಫಾರಂ ಕೊಡುವುದರಿಂದ ಒಂದು ಹಕ್ಕಿಗೂ ಉಪಕಾರವಾಗುವುದಿಲ್ಲ.

ಕ್ಯಾಂಪಸ್ಸಿನ ಗೇಟಿನೊಳಗೆ

ಹೊರಗೆ ನಡೆಸುವುದು ಕಷ್ಟವಾದರೆ ಉಪನ್ಯಾಸಗಳು ಎಲ್ಲಿಗೆ ಹೋಗುತ್ತವೆ? ದೊಡ್ಡ ಸಂಸ್ಥೆಗಳ ಕ್ಯಾಂಪಸ್ಸಿಗೆ, ಬಾಡಿಗೆ ತೆರಬಲ್ಲ ಖಾಸಗಿ ಸಭಾಂಗಣಕ್ಕೆ, ಇಲ್ಲವೇ ಯೂಟ್ಯೂಬಿಗೆ.

ಕ್ಯಾಂಪಸ್ಸೆಂದರೆ ಗೇಟು, ಗೇಟೆಂದರೆ ಗುರುತಿನ ಚೀಟಿ. ಮೊಬೈಲಿನಲ್ಲಿ ಫಾರಂ ತುಂಬಿ ಕ್ಯೂಆರ್ ಕೋಡ್ ತೋರಿಸಿದವರಿಗೆ ಮಾತ್ರ ಪ್ರವೇಶ. ತರಕಾರಿ ಚೀಲ ಹಿಡಿದು ಒಳಗೆ ಬಂದು ಕೂರುವ ಕೇಳುಗ ಅಲ್ಲಿಗೆ ಬರುವುದಿಲ್ಲ. ದೂರವೂ ಇದೆ, ಸೈದ್ಧಾಂತಿಕ ವಿಜ್ಞಾನ ಕೇಂದ್ರ ಇರುವುದು ಹೆಸರಘಟ್ಟದ ಕಡೆ. ಅಲ್ಲಿಂದ ಊರೊಳಗೆ ಬಂದು ಕಾಪಿ ಕುಡಿಸಿ ಮಾತಾಡುತ್ತಿರುವುದೇ ಅವರ ದೊಡ್ಡತನ.

ಮತ್ತೆ ಕ್ಯಾಂಪಸ್ಸಿಗೂ ತನ್ನದೇ ಅಂಜಿಕೆಗಳಿವೆ. 2023ರ ಜೂನ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ) ಕಾಯ್ದೆಯ ಬಗ್ಗೆ ನಡೆಯಬೇಕಿದ್ದ ಚರ್ಚೆಗೆ ಕೊಟ್ಟ ಅನುಮತಿಯನ್ನು ಆಡಳಿತ ಹಿಂತೆಗೆದುಕೊಂಡಿತು. ವಿದ್ಯಾರ್ಥಿಗಳು ಕ್ಯಾಂಟೀನಿನ ಹೊರಗೆ ಕೂತು ಮಾತಾಡಿದರು. ಬಳಿಕ 500ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಂಸ್ಥೆಗೆ ಪತ್ರ ಬರೆದು ಆಕ್ಷೇಪಿಸಿದರು. ಸರ್ಕಾರದ ಅನುದಾನದಿಂದ ನಡೆಯುವ ಸಂಸ್ಥೆಯೊಂದು ಯಾವ ವಿಷಯಕ್ಕೆ ಹಿಂದೆಮುಂದೆ ನೋಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಎಲ್ಲ ಮಾತೂ ಗೇಟಿನೊಳಗೆ ಸೇರಿದರೆ, ಯಾವ ಮಾತು ಆಡಬಹುದು ಎನ್ನುವುದನ್ನು ಗೇಟಿನ ಯಜಮಾನರೇ ತೀರ್ಮಾನಿಸುತ್ತಾರೆ.

ಯೂಟ್ಯೂಬ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೂರದ ಊರಿನವರಿಗೆ ಅದರಿಂದ ಉಪಕಾರವೇ ಆಗಿದೆ. ಆದರೆ ಉಪನ್ಯಾಸದ ಜೀವ ಕೊನೆಯ ಹದಿನೈದು ನಿಮಿಷದ ಪ್ರಶ್ನೆಗಳಲ್ಲಿದೆ. ಕೈ ಎತ್ತಿ ನಿಂತ ಹುಡುಗಿಯ ಪ್ರಶ್ನೆ ಕೇಳಿ ವಿಜ್ಞಾನಿ ಒಂದು ಕ್ಷಣ ತಡೆದು ನಿಲ್ಲುತ್ತಾರಲ್ಲ, ಅದು ಆ ಕೋಣೆಯಲ್ಲಿ ಕೂತವರಿಗೇ ಸಿಗುವುದು.

ಪೆಟ್ಟು ಮೊದಲು ಕನ್ನಡಕ್ಕೆ

ಈ ಚರ್ಚೆಯಲ್ಲಿ ಯಾರೂ ಅಷ್ಟಾಗಿ ಹೇಳದ ಮಾತೊಂದಿದೆ. ನಿಯಮದಲ್ಲಿ ಭಾಷೆಯ ಹೆಸರಿಲ್ಲ. ಆದರೂ ಭಾರ ಎಲ್ಲ ಭಾಷೆಗೂ ಸಮ ಬೀಳುವುದಿಲ್ಲ.

ಬೆಂಗಳೂರಿನಲ್ಲಿ ಇಂಗ್ಲಿಷ್ ಉಪನ್ಯಾಸ, ಇಂಗ್ಲಿಷ್ ಪುಸ್ತಕದ ಓದು ಹೆಚ್ಚಾಗಿ ನಡೆಯುವುದು ಸಂಶೋಧನಾ ಸಂಸ್ಥೆಗಳಲ್ಲಿ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಂಥ ಸುಸಜ್ಜಿತ ತಾಣಗಳಲ್ಲಿ, ಚರ್ಚ್ ಸ್ಟ್ರೀಟಿನಂಥ ಕಡೆಯ ಪುಸ್ತಕದಂಗಡಿಗಳಲ್ಲಿ. ಇವಕ್ಕೆ ತಮ್ಮದೇ ಕಟ್ಟಡ ಇದೆ, ಕಚೇರಿ ಇದೆ, ಅರ್ಜಿ ಬರೆಯುವ ಸಿಬ್ಬಂದಿ ಇದ್ದಾರೆ. ಕನ್ನಡದ ವಿಜ್ಞಾನ ಕಾರ್ಯಕ್ರಮ ನಡೆಯುವುದು ಸರ್ಕಾರಿ ಶಾಲೆಯ ಕೋಣೆಯಲ್ಲಿ, ಪದವಿ ಕಾಲೇಜಿನ ಸಭಾಂಗಣದಲ್ಲಿ, ಬಡಾವಣೆಯ ಗ್ರಂಥಾಲಯದಲ್ಲಿ, ಗಣೇಶನ ಹಬ್ಬದ ಪೆಂಡಾಲು ಹಾಕುವ ಅದೇ ಮೈದಾನದಲ್ಲಿ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರಾಜ್ಯದ ಮೂಲೆಮೂಲೆಗೆ ಹೋದದ್ದು ಶಾಲೆಗಳ ದಾರಿಯಲ್ಲೇ. ಹೀಗಾಗಿ "ಸರ್ಕಾರಿ ಜಾಗಕ್ಕೆ ಅನುಮತಿ ಬೇಕು" ಎಂಬ ನಿಯಮ ನಿಜದಲ್ಲಿ ಹೆಚ್ಚು ತಾಗುವುದು ಕನ್ನಡದಲ್ಲಿ ನಡೆಯುವ ಮಾತಿಗೆ. ಅಕ್ಟೋಬರ್ ಆದೇಶಕ್ಕೆ ಆಧಾರವಾಗಿ ಹೇಳಲಾದ 2013ರ ಸುತ್ತೋಲೆಯೂ ಶಾಲೆಯ ಆವರಣದ ಬಗ್ಗೆಯೇ ಇತ್ತು ಎನ್ನುವುದನ್ನು ಇಲ್ಲಿ ನೆನೆಯಬೇಕು.

ಕನ್ನಡದ ಪುಸ್ತಕ ಬಿಡುಗಡೆಗಳು ಈ ಪೆಟ್ಟಿನಿಂದ ಸ್ವಲ್ಪ ತಪ್ಪಿಸಿಕೊಳ್ಳಬಹುದು. ಸಾಹಿತ್ಯ ಪರಿಷತ್ತು, ಕನ್ನಡ ಭವನದ ನಯನ ಸಭಾಂಗಣದಂಥ ಕಡೆ ಬಾಡಿಗೆ ಕಟ್ಟಿ ಜಾಗ ಹಿಡಿಯುವುದರಿಂದ ಅನುಮತಿ ಅದರೊಳಗೇ ಸೇರಿರುತ್ತದೆ. ಆದರೆ ಬಿಡುಗಡೆ ಬೇರೆ, ಓದು ಬೇರೆ. ಬಿಡುಗಡೆಯಲ್ಲಿ ವೇದಿಕೆ ತುಂಬ ಗಣ್ಯರು, ಹಾರ, ಶಾಲು, ಉಪ್ಪಿಟ್ಟು ಕೇಸರಿಬಾತ್. ಲೇಖಕರು ತಮ್ಮ ಬರಹ ಓದುವುದಕ್ಕೆ ಕೊನೆಗೆ ಐದು ನಿಮಿಷ ಸಿಕ್ಕರೆ ಪುಣ್ಯ. ಇಪ್ಪತ್ತು ಜನರ ಮುಂದೆ ಒಂದು ಕಥೆಯನ್ನು ಪೂರ್ತಿ ಓದಿ, ಅದರ ಬಗ್ಗೆ ಒಂದು ಗಂಟೆ ಮಾತಾಡುವ ಪದ್ಧತಿ ಕನ್ನಡದಲ್ಲಿ ಈಗೀಗ ಪಾರ್ಕು, ಮಹಡಿ, ಗ್ರಂಥಾಲಯಗಳಲ್ಲಿ ಮತ್ತೆ ಚಿಗುರುತ್ತಿದೆ. ಬೇರು ಬಿಡುವ ಮುಂಚೆ ಅದನ್ನು ಅಲುಗಾಡಿಸಬಾರದು ಅಲ್ವಾ?

ಏನು ಮಾಡಬಹುದು

ಮಾಹಿತಿ ಕೊಡುವುದು ಬೇರೆ, ಅನುಮತಿ ಕೇಳುವುದು ಬೇರೆ. ಮಾಹಿತಿ ಕೊಟ್ಟವನು ತನ್ನ ಕಾರ್ಯಕ್ರಮ ನಡೆಸುತ್ತಾನೆ, ಬೇಡ ಎನ್ನಲು ಕಾರಣ ಕೊಡಬೇಕಾದವರು ಪೊಲೀಸರು. ಅನುಮತಿ ಕೇಳಿದವನು ಉತ್ತರ ಬರುವ ತನಕ ಕಾಯಬೇಕು. ಉತ್ತರ ಬಾರದಿದ್ದರೆ ಅದೇ "ಇಲ್ಲ" ಆಗುತ್ತದೆ. ಸಣ್ಣ ಸಭೆಗಳಿಗೆ ಮಾಹಿತಿ ಸಾಕು ಎಂದು ಮಸೂದೆಯಲ್ಲಿ ಒಂದು ಸಾಲು ಸೇರಿದರೆ ಅರ್ಧ ತೊಂದರೆ ತೀರುತ್ತದೆ. ವಾರವಾರ ನಡೆಯುವ ಸರಣಿಗೆ ವರ್ಷಕ್ಕೊಂದು ಪತ್ರ ಸಾಕು ಎಂದರೆ ಉಳಿದರ್ಧದಲ್ಲೂ ಬಹಳಷ್ಟು.

ಜಾಗದ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ನಮ್ಮ ಆಸ್ತಿ ತೆರಿಗೆಯ ರಸೀದಿಯಲ್ಲೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಆ ಹಣ ಪಾಲಿಕೆಯಿಂದ ಗ್ರಂಥಾಲಯ ಇಲಾಖೆಗೆ ಸರಿಯಾಗಿ ಸೇರುವುದಿಲ್ಲ ಎಂಬ ದೂರು ಹಳೆಯದು. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದಿವೆ, ಈಗ ಕೇಳಬೇಕಾದ್ದು ಐದು ಕಡೆ. ಪ್ರತಿ ಬಡಾವಣೆಯ ಗ್ರಂಥಾಲಯದಲ್ಲಿ ಐವತ್ತು ಕುರ್ಚಿಯ ಒಂದು ಕೋಣೆ, ಸಂಜೆ ಎಂಟರ ತನಕ ತೆರೆದ ಬಾಗಿಲು, ಒಂದು ಮೈಕು ಇದ್ದರೆ ಸಾಕು. ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಇಂದಿಗೂ ರಾಜ್ಯ ಕೇಂದ್ರ ಗ್ರಂಥಾಲಯವೇ. ಹೊರಗೆ ಹುಲ್ಲಿನ ಮೇಲೆ ಶನಿವಾರದ ಓದುಗರು, ಒಳಗೆ ಪುಸ್ತಕಗಳು. ನಡುವೆ ಇರುವುದು ಕೆಲವೇ ಮೆಟ್ಟಿಲು.

ಸದನ ಸಮಿತಿಯಿಂದ ಮಸೂದೆ ಯಾವ ರೂಪದಲ್ಲಿ ಹೊರಬಂದರೂ ಮೊದಲು ಹುಡುಕಬೇಕಾದ್ದು ಒಂದು ಅಂಕಿಯನ್ನು. 7,000ದ ಕೆಳಗೆ ಇನ್ನೊಂದು ಮೆಟ್ಟಿಲು, ಇನ್ನೂರೋ ಐನೂರೋ ಎಂದು, ಬರೆದಿದ್ದಾರಾ ಇಲ್ಲವಾ? ಬರೆದಿದ್ದರೆ, ಬುಧವಾರ ಸಂಜೆ ಆರಕ್ಕೆ ಬಾಗಿಲು ಎಂದಿನಂತೆ ತೆರೆಯುತ್ತದೆ.